ತ್ರಿವೇಣಿ ಸಾಹೇಬರಿಗೆ ಓದಿ ತೋರಿಸಿದ್ದು

ವನಜಮ್ಮ ಮೇಡಂ ಪಾಠ ಮಾಡಿದರೆ ಕಲ್ಲೂ ಕಲಿಯುತ್ತೆ ಎಂದು ಚೇಳೂರು ಕಡೆ ಯಾರಾದರೂ ನನ್ನನ್ನು ಹೊಗಳಿದರೆ ಇವತ್ತಿಗೂ ನನ್ನ ಮೈ ಉರಿಯುತ್ತದೆ. ಅವರಿಗೇನು ಗೊತ್ತು? ತ್ರಿವೇಣಿಯನ್ನು ಕೇಳಬೇಕು.

ತ್ರಿವೇಣಿ ತೆಂಗಿನಕಾಯಿ ಸುಲಿಯುವ ಗುಂಡಯ್ಯನ ಮಗಳು. ಒಮ್ಮೆ ಕೇಳಿದ ಹಾಡನ್ನು ಪೂರ್ತಿ ಒಪ್ಪಿಸುತ್ತಿದ್ದಳು. ಪುಸ್ತಕ ಕೊಟ್ಟರೆ ಮಾತ್ರ ಗರ ಬಡಿದವಳಂತೆ ನಿಲ್ಲುತ್ತಿದ್ದಳು. ಐದನೇ ಕ್ಲಾಸಾದರೂ ಎರಡಕ್ಷರ ಕೂಡಿಸಲು ಬಾರದು. ನಾನೋ ಮೊದಲೇ ಮುಂಗೋಪಿ. "ತಲೇಲಿ ಏನ್ ತುಂಬ್ಕೊಂಡಿದೀಯೇ" ಎಂದು ದಿನಾ ಬೈಯುತ್ತಿದ್ದೆ. ಆದರೂ ಓದು ಬಾರದವರಿಗೆ ನಾನು ಸಂಜೆ ನಡೆಸುತ್ತಿದ್ದ ಕ್ಲಾಸನ್ನು ಅವಳು ಒಂದು ದಿನವೂ ತಪ್ಪಿಸಲಿಲ್ಲ. ಕುಣಿಗಲ್‌ಗೆ ಮದುವೆಯಾಗಿ ಹೋದ ಅಕ್ಕನ ಕಾಗದವನ್ನು ತಾನೇ ಓದಬೇಕೆಂಬುದು ಅವಳ ಆಸೆ.

2004ರಲ್ಲಿ ನಮ್ಮ ಶಾಲೆಗೆ ಕಂಪ್ಯೂಟರ್ ಬಂದವು. ಸಿ.ಡಿ. ಹಾಕಿದರೆ ಒಂದು ಚಿತ್ರ, ಅದರ ಕೆಳಗೆ ನಾಲ್ಕು ಪದ. ಸರಿಯಾದ ಪದ ಒತ್ತಿದರೆ ಚಪ್ಪಾಳೆ. ತಿಂಗಳಲ್ಲಿ ತ್ರಿವೇಣಿ ಒಂದೂ ತಪ್ಪಿಲ್ಲದೆ ಒತ್ತತೊಡಗಿದಳು. ನನಗೆ ಸ್ವರ್ಗಕ್ಕೆ ಮೂರೇ ಗೇಣು. ಸುದ್ದಿ ಕೇಳಿ ಗುಬ್ಬಿಯಿಂದ ಶಿಕ್ಷಣ ಇಲಾಖೆಯ ಸಾಹೇಬರು ನೋಡಲು ಬರುತ್ತೇನೆಂದರು. ಅವರು ಬರುವ ಹಿಂದಿನ ದಿನ ಅದೇ ಪದಗಳನ್ನು ಬೋರ್ಡಿನ ಮೇಲೆ ಬರೆದೆ. ಅವಳು ಒಂದನ್ನೂ ಓದಲಿಲ್ಲ.

"ಆನೆ ಬಂದ್ರೆ ಮೂರ್ನೇದು ಒತ್ಬೇಕು, ಬಾವಿ ಬಂದ್ರೆ ಕಡೇದು. ಅಷ್ಟೇ ಮಿಸ್ ನಂಗೊತ್ತಿರೋದು," ಎಂದಳು. ಸಿ.ಡಿ.ಯಲ್ಲಿ ಪದಗಳ ಜಾಗ ಎಂದೂ ಬದಲಾಗುತ್ತಿರಲಿಲ್ಲ.

"ನಾಳೆ ಅದ್ನೇ ಮಾಡು. ಬಾಯ್ ಬಿಡ್ಬೇಡ," ಎಂದೆ.

ಮಾಡಿದಳು. ಸಾಹೇಬರು ಎಲ್ಲರೆದುರು ನನ್ನನ್ನು ಹೊಗಳಿದರು. ಓದು ಬಂದವರ ಪಟ್ಟಿಯಲ್ಲಿ ಅವಳ ಹೆಸರನ್ನು ನಾನೇ ಕೈಯಾರೆ ಬರೆದೆ.

ಮಾರನೇ ಸಂಜೆ ಅವಳು ಎಂದಿನಂತೆ ಬಂದು ಚಾಪೆಯ ಮೇಲೆ ಕೂತಳು. ಪಟ್ಟಿ ಹಿಡಿದು ಬಂದ ಹೆಡ್‌ಮಾಸ್ಟರ್ ಚನ್ನವೀರಯ್ಯನವರು ನಕ್ಕರು. "ನಿಂಗೆ ಓದೋಕ್ ಬರುತ್ತಲ್ಲಮ್ಮ, ಇಲ್ಯಾಕ್ ಕೂತಿದೀಯಾ?"

"ಬರಲ್ಲ ಸಾ. ಮಿಸ್‌ಗೆ ಗೊತ್ತು."

ಹೌದು ಸಾರ್, ಅವಳಿಗೆ ಬರಲ್ಲ ಎಂದು ನಾನು ಒಪ್ಪಿದ್ದರೆ ಮುಗಿದಿತ್ತು. ಆದರೆ ನನಗೆ ನನ್ನ ಮಾನದ್ದೇ ಚಿಂತೆ. "ಸುಳ್ಳು ಹೇಳ್ತಾಳೆ ಸಾರ್. ಮನೆ ಕೆಲ್ಸ ತಪ್ಪಿಸ್ಕೊಳ್ಳೋಕೆ ಇಲ್ಲಿ ಬಂದ್ ಕೂರ್ತಾಳೆ," ಎಂದುಬಿಟ್ಟೆ. ಥೂ, ನನ್ನ ನಾಲಿಗೆಗೆ.

ಅವಳು ಸ್ಲೇಟು ಚೀಲಕ್ಕೆ ಹಾಕಿಕೊಂಡು ಎದ್ದು ಹೋದಳು.

ಏಳನೇ ಕ್ಲಾಸಿಗೆ ಶಾಲೆ ಬಿಟ್ಟಳು. ಅಲ್ಲಿಯವರೆಗೂ ನನ್ನನ್ನು ಕಂಡಾಗಲೆಲ್ಲ ತಪ್ಪದೆ ನಮಸ್ಕಾರ ಹೇಳುತ್ತಿದ್ದಳು. ಬಾ, ಓದಿಸ್ತೀನಿ ಎಂದು ಕರೆಯಲು ಎರಡು ವರ್ಷದಲ್ಲಿ ಒಂದು ಸಲವೂ ನನಗೆ ಬಾಯಿ ಬರಲಿಲ್ಲ.