ಶಂಭುಲಿಂಗ ಹೆಗಡೆ ತಿನ್ನದ ಕೋಳಿ

ಹುಲಗೋಳದ ಶಂಭುಲಿಂಗ ಹೆಗಡೆ ವಿಮೆ ಏಜೆಂಟ. ಶಿರಸಿ, ಸಿದ್ದಾಪುರ, ಯಲ್ಲಾಪುರ ಮೂರೂ ತಾಲೂಕಿನಲ್ಲಿ ಇವನ ಸ್ಕೂಟರು ನಿಲ್ಲದ ಕೇರಿಯಿಲ್ಲ. ಊರವರಿಗೆಲ್ಲ ಬಿಪಿ ಇದೆಯೇ, ಶುಗರ್ ಇದೆಯೇ ಎಂದು ಕೇಳಿ ಬರೆದುಕೊಳ್ಳುವ ಈ ಮಹಾನುಭಾವ ತನ್ನ ಬಿಪಿ ಗುಳಿಗೆಯನ್ನು ಮಾತ್ರ ನೆನಪಾದಾಗ ನುಂಗುತ್ತಿದ್ದ. ಹೊಟ್ಟೆ ಸ್ಕೂಟರಿನ ಹ್ಯಾಂಡಲಿಗೆ ತಾಗುವಷ್ಟು ಬೆಳೆದಿತ್ತು. ಹೊಟ್ಟೆ ಇದ್ದರೆ ಗಿರಾಕಿಗಳಿಗೆ ನಂಬಿಕೆ ಬರುತ್ತದೆ ಎನ್ನುವುದು ಅವನ ವಾದ.

ಅವನ ಪ್ರಾಣವೆಲ್ಲ ಇದ್ದದ್ದು ಜೇನಿನಂತೆ ಹರಿಯುವ ಜೋನಿ ಬೆಲ್ಲದಲ್ಲಿ. ದೋಸೆಗೆ ಬೆಲ್ಲ, ರೊಟ್ಟಿಗೆ ಬೆಲ್ಲ, ಬೆಲ್ಲದ ಮೇಲೂ ಬೆಲ್ಲ. ಆಲೆಮನೆ ಶುರುವಾಯಿತೋ, ಪಾಲಿಸಿ ಮಾಡಿಸುವ ನೆಪದಲ್ಲಿ ಹೋಗಿ ಹೊಟ್ಟೆ ಬಿರಿಯೆ ಕಬ್ಬಿನಹಾಲು ಕುಡಿದು ಬರುತ್ತಿದ್ದ. ನೀರೆಂದರೆ ಅಷ್ಟಕ್ಕಷ್ಟೇ.

ಒಂದು ಬೆಳಿಗ್ಗೆ ಬಲಗಾಲಿನ ಹೆಬ್ಬೆರಳು ಕೆಂಪಗೆ ಊದಿಕೊಂಡು, ಹೊದಿಕೆ ತಾಗಿದರೂ ಚೀರುವಂತಾಯಿತು. ಹೆಂಡತಿ ಪರಿಮಳಾ ಶಂಕ್ರಪ್ಪನ ಆಟೋ ಕರೆಸಿ ಅವನನ್ನು ಶಿರಸಿಗೆ ಕರೆದೊಯ್ದಳು. ಡಾಕ್ಟರು ನಮಿತಾ ರಕ್ತ ಪರೀಕ್ಷೆ ಮಾಡಿಸಿ, "ಯೂರಿಕ್ ಆಸಿಡ್ ಜಾಸ್ತಿಯಾಗಿದೆ. ಬೀರು, ಮಾಂಸ ಏನಾದ್ರೂ ಉಂಟಾ?" ಎಂದು ಕೇಳಿದರು.

ಪರಿಮಳಾ ಗಂಡನನ್ನು ಒಮ್ಮೆ ನೋಡಿದಳು. ಕಿರವತ್ತಿಯ ಧಾಬಾಗಳಲ್ಲೂ ಇವನಿಗೆ ಗಿರಾಕಿಗಳಿದ್ದಾರೆಂಬುದು ಅವಳಿಗೆ ಗೊತ್ತು. ಔಷಧಿ ಚೀಟಿ ಹಿಡಿದು ಅಂಗಡಿಗೆ ಎದ್ದು ಹೋದಳು.

ಅವಳು ಅತ್ತ ಹೋದಮೇಲೆ ಹೆಗಡೆ, ಮಾಂಸ ಇಲ್ಲ, ಬೆಲ್ಲ, ಕಬ್ಬಿನಹಾಲು ಉಂಟು ಎಂದ. ಡಾಕ್ಟರು ಬಿಡಿಸಿ ಹೇಳಿದರು. ಮಾಂಸ ಮುಟ್ಟದವರಿಗೂ ಇದು ಬರುತ್ತದೆ. ಹೊಟ್ಟೆಯ ಬೊಜ್ಜು, ಬಿಪಿ, ನೀರು ಕಡಿಮೆ ಕುಡಿಯುವುದು ಎಲ್ಲವೂ ಸೇರುತ್ತದೆ, ಅಪ್ಪನಿಗಿದ್ದರೆ ಮಗನಿಗೂ ಬರಬಹುದು. "ಮತ್ತೆ ನಿಮ್ಮ ಕಬ್ಬಿನಹಾಲು, ಬೆಲ್ಲ. ಅದನ್ನ ನಿಲ್ಲಿಸ್ಬೇಕು. ಮನೇಲೂ ಹೇಳಿ."

ಹೆಗಡೆಯ ಕಣ್ಣ ಮುಂದೆ ಮೊನ್ನೆ ತಾನೇ ತಂದ ಜೋನಿ ಬೆಲ್ಲದ ಡಬ್ಬಿ ಬಂದು ನಿಂತಿತು. ಮುಚ್ಚಳ ಕೂಡ ತೆಗೆದಿರಲಿಲ್ಲ. ಪರಿಮಳಾಗೆ ಹೇಳಿದರೆ ಸಂಜೆಯೊಳಗೆ ಅದು ಬೇರೆಯವರ ಮನೆ ಸೇರುವುದು ಖಂಡಿತ.

ಆಟೋದಲ್ಲಿ ಅವಳು ಕೇಳಿಯೇ ಕೇಳಿದಳು. "ಎಂತರಿಂದ ಬಂತಡ?"

ಹೆಗಡೆ ಎದೆ ಗಟ್ಟಿ ಮಾಡಿಕೊಂಡ. "ಆನು ಕಿರವತ್ತಿ ಧಾಬಾದಲ್ಲಿ ಕೋಳಿ ತಿಂದಿ."

ಹುಟ್ಟಿದಂದಿನಿಂದ ಮೊಟ್ಟೆಯನ್ನೂ ಮುಟ್ಟಿ ನೋಡದ ಮನುಷ್ಯ! ಒಂದು ಡಬ್ಬಿ ಬೆಲ್ಲಕ್ಕಾಗಿ ಮನೆತನದ ಮಾನವನ್ನೇ ಆಟೋದಿಂದ ಹೊರಗೆ ಬಿಸಾಡಿದ. ಪರಿಮಳಾ ರಸ್ತೆಯ ಕಡೆ ತಿರುಗಿ ಬಹಳ ಹೊತ್ತು ಅತ್ತಳು. ಸೆರಗಿನಿಂದ ಕಣ್ಣೊರೆಸಿಕೊಂಡಳು. ಆಮೇಲೆ, "ಹ್ಯಾಂಗಿತ್ತು ರುಚಿ?" ಎಂದಳು.

ಈ ಪ್ರಶ್ನೆಗೆ ಅವನು ತಯಾರಾಗಿರಲಿಲ್ಲ. "ಚೊಲೋ ಇತ್ತು. ಸೀ ಇತ್ತು."

ಶಂಕ್ರಪ್ಪ ಗಕ್ಕನೆ ಬ್ರೇಕು ಹಾಕಿದ. "ಯಾವ ಧಾಬಾರೀ ಹೆಗಡೇರ? ಸಿಹಿ ಕೋಳಿ ನಾ ಎಲ್ಲೂ ಕೇಳಿಲ್ರಿ!"

ಪರಿಮಳಾ ಗಂಡನ ಕಡೆ ತಿರುಗಿದಳು. "ಡಾಕ್ಟ್ರು ಬೆಲ್ಲ ಬಿಡವು ಹೇಳಿದ್ವ?"

ಹೆಗಡೆ ತಲೆ ತಗ್ಗಿಸಿ ಹೂಂಗುಟ್ಟಿದ.

ಅವಳಿಗೆ ನಗುವೂ ಬಂತು, ಸಿಟ್ಟೂ ಬಂತು. "ಇಷ್ಟೊತ್ತು ಆನು ಅಳ್ತಾ ಇದ್ದಿದ್ದಿ. ಅದನ್ನ ನೋಡ್ಕಂಡೂ ಡಬ್ಬಿ ಉಳಿಸಲೆ ನೋಡಿದ್ರಲಿ!"

ಬೆರಳಿನ ನೋವಿಗಿಂತ ಇದು ಹೆಚ್ಚು ನಾಟಿತು. ಹೆಗಡೆಗೆ ನಿಜವಾಗಿಯೂ ನಾಚಿಕೆಯಾಯಿತು. ಮನೆ ಮುಟ್ಟಿದ್ದೇ ಕುಂಟುತ್ತ ಒಳಗೆ ಹೋಗಿ, ಡಬ್ಬಿ ತಂದು ಶಂಕ್ರಪ್ಪನ ಆಟೋದಲ್ಲಿಟ್ಟ. ಆಟೋ ತಿರುವಿನಲ್ಲಿ ಮರೆಯಾಗುವವರೆಗೂ ಗೇಟು ಹಿಡಿದು ನಿಂತ. ಕಣ್ಣಿಂದ ನೀರು ಇಳಿಯುತ್ತಿತ್ತು.

ಪರಿಮಳಾ ಬಂದು ಅವನ ತೋಳು ಹಿಡಿದಳು. "ಬೆರಳು ಭಾರೀ ನೋಯ್ತಾ?"

"ಇಲ್ಲೆ," ಎಂದ ಹೆಗಡೆ. "ಬೆಲ್ಲ ಹೋತು ಹೇಳಿ ಅಳ್ತಾ ಇದ್ದಿ."