ಎತ್ತಿ ಹಿಡಿದ ಹಾಸು

ಈ ಬೆಳಿಗ್ಗೆ ತುಕ್ಕು ಹಿಡಿದ ಮೊಳೆಯೊಂದು ಕಾಲಿಗೆ ಚುಚ್ಚಿತು. ದೊಡ್ಡ ಗಾಯವೇನಲ್ಲ. ಆದರೆ ಕಾಲೇಜಿನಲ್ಲಿ ಪಾಠ ಹೇಳುವವಳೆಂಬ ಕಾರಣಕ್ಕೆ ಇಂಥ ವಿಷಯಗಳಲ್ಲಿ ನಾನು ಇಡೀ ಬೀದಿಗೆ ಮಾದರಿಯಾಗಿರಬೇಕೆಂಬ ಚಪಲ ನನಗೆ ಮೊದಲಿನಿಂದಲೂ ಇದೆ. ಕುಂಟುತ್ತ ಹೋಗಿ, ಧನುರ್ವಾಯುವಿನ ಇಂಜೆಕ್ಷನ್ನಿಗೆಂದು ಕ್ಲಿನಿಕ್ಕಿನ ಸ್ಟೂಲಿನ ಮೇಲೆ ಕುಳಿತೆ. ನರ್ಸಮ್ಮ ಹತ್ತಿಯನ್ನು ಸ್ಪಿರಿಟ್ಟಿನಲ್ಲಿ ಅದ್ದಿ ನನ್ನ ತೋಳಿಗೆ ಒತ್ತಿದರು. ಆ ತಣ್ಣನೆಯ ವಾಸನೆ ಮೂಗಿಗೆ ಏರಿದ್ದೇ ತಡ, ನನ್ನ ಕೈ ತಾನಾಗಿಯೇ ತಲೆಯ ಮೇಲಕ್ಕೆ ಎದ್ದುಬಿಟ್ಟಿತು. ಕೈ ಇಳಿಸಿ ಎಂದು ಅವರು ತಮಿಳಿನಲ್ಲಿ ಗದರಿದರು. ಇಳಿಸಿದೆ. ಮತ್ತೆ ಎದ್ದಿತು. ಇವಳಿಗೇನಾದರೂ ಮೂರ್ಛೆರೋಗವೇ ಎಂದು ಅವರು ನನ್ನ ಕಣ್ಣುರೆಪ್ಪೆಯನ್ನು ಅಗಲಿಸಿ ನೋಡಿದರು. ಅಲ್ಲ ಎಂದು ವಿವರಿಸಬಹುದಿತ್ತು. ವಿವರಿಸಲು ಹೊರಟಿದ್ದರೆ ಹಿಂದೆ ಕುಳಿತಿದ್ದವರೆಲ್ಲ ಸಂಜೆಯವರೆಗೆ ಕಾಯಬೇಕಾಗುತ್ತಿತ್ತು. ನಿಮಗೆ ಬಿಡುವಿದೆ ಎಂದುಕೊಂಡು ಇಲ್ಲಿ ಹೇಳುತ್ತೇನೆ.

ನಮ್ಮದು ಸೇಲಂನ ಒಂದು ನೇಕಾರರ ಬೀದಿ. ಬೀದಿ ಎನ್ನುವುದು ಮರ್ಯಾದೆಗೆ ಆಡುವ ಮಾತು. ಎರಡು ಸಾಲು ಮನೆಗಳ ನಡುವೆ ಒಂದು ವ್ಯಾನು ಹಿಡಿಸುವಷ್ಟು ಜಾಗ, ಕೊನೆಯಲ್ಲಿ ಎತ್ತರದ ಗೋಡೆ. ಆ ಗೋಡೆಗೆ ಬೆನ್ನು ಕೊಟ್ಟು ಕುಳಿತ ಮನೆಯಲ್ಲಿ ನನ್ನನ್ನು ಚಿಕ್ಕಂದಿನಿಂದ ಸಾಕಿದವರು ಚಿಕ್ಕಪ್ಪ, ಚಿಕ್ಕಮ್ಮ. ಹೊಸ್ತಿಲಾಚೆ ತಮಿಳು, ಹೊಸ್ತಿಲೊಳಗೆ ಕನ್ನಡ. ಆ ಕನ್ನಡವನ್ನು ಯಾರೂ ಶಾಲೆಯಲ್ಲಿ ಕಲಿತದ್ದಲ್ಲ. ನಾನು ಅಕ್ಷರಗಳನ್ನು ದೊಡ್ಡವಳಾದ ಮೇಲೆ ಹಟಕ್ಕೆ ಬಿದ್ದು ಕಲಿತೆ. ಚಿಕ್ಕಪ್ಪ ನನ್ನ ಬರವಣಿಗೆಯನ್ನು ನೋಡಿ, "ಇಷ್ಟೊಂದು ಸುತ್ತು ಸುತ್ತು ಆಕವ್ಳೆ, ಉಂಡೆ ನೂಲು ಇದ್ದಂಗೈತೆ" ಎಂದಿದ್ದ.

ನಮ್ಮ ಬೀದಿಗೆ ಕಿವಿ ಜಾಸ್ತಿ. ಮನೆಮನೆಯಲ್ಲೂ ಗುಂಡಿಮಗ್ಗ; ನೇಯುವವರು ನೆಲದ ಗುಂಡಿಯೊಳಗೆ ಕಾಲು ಇಳಿಬಿಟ್ಟು ಕೂರುತ್ತಾರೆ, ಸದ್ದು ಮಾತ್ರ ಬಾಗಿಲು ದಾಟಿ ಬೀದಿಗೆ ಬರುತ್ತದೆ. ಯಾರ ಮನೆಗೆ ನೆಂಟರು ಬಂದರು, ಯಾರಿಗೆ ಹೊಟ್ಟೆನೋವು, ಯಾವ ಗಂಡಹೆಂಡಿರಿಗೆ ಮಾತು ಬಿಟ್ಟಿದೆ ಎನ್ನುವುದೆಲ್ಲ ಮಗ್ಗ ನಿಂತದ್ದರಿಂದ, ತಡವಾಗಿ ಶುರುವಾದದ್ದರಿಂದ ತಿಳಿಯುತ್ತಿತ್ತು. ಕೊರೋನಾ ಬಂದು ಬಾಗಿಲುಗಳು ಮುಚ್ಚಿಕೊಂಡ ಮೇಲಂತೂ ಯಾರೂ ಯಾರನ್ನೂ ಹೇಗಿದ್ದೀರಿ ಎಂದು ಕೇಳುತ್ತಿರಲಿಲ್ಲ. ಮಗ್ಗ ಕೇಳಿಸಿತೇ, ಮನೆಯವರು ಕ್ಷೇಮ.

ಒಂದು ಕೆಲಸ ಮಾತ್ರ ಬಾಗಿಲು ಮುಚ್ಚಿಕೊಂಡು ಮಾಡುವಂಥದಾಗಿರಲಿಲ್ಲ. ಮಗ್ಗಕ್ಕೆ ಏರಿಸುವ ಮೊದಲು ಹಾಸುನೂಲನ್ನು ಬೀದಿಯ ಉದ್ದಕ್ಕೂ ಎಳೆದು ಕಟ್ಟಿ, ಅಕ್ಕಿಗಂಜಿ ಬಳಿದು, ಎಳೆ ಎಳೆಯೂ ಬೇರೆಯಾಗಿ ಒಣಗುವವರೆಗೆ ಕುಂಚದಿಂದ ತೀಡಬೇಕು. ನಮ್ಮವರು ಆ ಹಾಸನ್ನು ತಮಿಳಿನವರಂತೆಯೇ ಪಾವು ಎನ್ನುತ್ತಾರೆ. ಒಬ್ಬರಿಬ್ಬರಿಂದ ಆಗುವುದಲ್ಲ, ಬೀದಿಯೇ ಸೇರಬೇಕು. ಒದ್ದೆ ಇರುವಾಗ ಕೈ ನಿಲ್ಲಿಸಿದರೆ ಎಳೆಗಳು ಒಂದಕ್ಕೊಂದು ಅಂಟಿಕೊಂಡು ಇಡೀ ಹಾಸು ಹಾಳು. ನಾನು ಬಿದಿರುಕೋಲೊಂದನ್ನು ತಂದು, ಇಬ್ಬರ ನಡುವೆ ಇಷ್ಟು ದೂರ ಇರಲೇಬೇಕೆಂದು ಕಟ್ಟಪ್ಪಣೆ ಮಾಡಿದೆ. ಎಲ್ಲರೂ ಹರಿದ ಪಂಚೆಯ ತುಂಡನ್ನು ಬಾಯಿಗೆ ಕಟ್ಟಿಕೊಂಡು ದೂರ ದೂರ ನಿಂತು ತೀಡುವಾಗ, ಎದುರು ಮನೆಯ ರಂಗಪ್ಪ ಮಾಮ, "ನೋಡ್ರಪ್ಪಾ, ಕಳ್ಳರ ಗುಂಪು ಪಾವು ಹಾಕ್ತಾ ಐತೆ" ಎಂದು ನಗಿಸುತ್ತಿದ್ದ.

ಈ ರಂಗಪ್ಪ ಮಾಮನೇ ಲಸಿಕೆಗೆ ದೊಡ್ಡ ವಿರೋಧಿ. ಶಾಲೆಯಲ್ಲಿ ಕ್ಯಾಂಪು ಹಾಕಿದಾಗ ನಾನು ಮನೆಮನೆಯ ಮುಂದೆ ನಿಂತು ಭಾಷಣ ಮಾಡಿದೆ. ಅವನು ಜಗುಲಿಯಲ್ಲಿ ಕುಳಿತು ಕೇಳಿಸಿಕೊಂಡು, "ಊಸಿ ಚುಚ್ಚಿಸ್ಕೊಂಡ್ರೆ ಕೈ ಮ್ಯಾಲೆ ಎತ್ತಕ್ಕಾಗಲ್ಲ ಅಂತಾರಮ್ಮ. ನಿಂಗೇನು, ನೀನು ಬಾಯಲ್ಲಿ ಸಂಪಾದ್ನೆ ಮಾಡೋಳು. ನಾವು ಕೈಯಾಗೆ" ಎಂದ. ಊಸಿ ಎಂದರೆ ಸೂಜಿ, ನಮ್ಮ ಬೀದಿಯ ಇಂಜೆಕ್ಷನ್ನು.

ಕೊನೆಗೆ ಚಿಕ್ಕಪ್ಪ ಹೊರಟ. ನನ್ನ ಮೇಲಿನ ಪ್ರೀತಿಗೋ, ನನ್ನ ಕಾಟಕ್ಕೋ ಗೊತ್ತಿಲ್ಲ. ಬೀದಿಯಲ್ಲಿ ಅವನ ಕೈಗೆ ಹೆಸರಿತ್ತು. ರಂಗಪ್ಪ ಮಾಮ ಎಲ್ಲರ ಪರವಾಗಿ ತೀರ್ಪಿನ ವಿಧಾನವನ್ನು ಸಾರಿದ: "ಸರಿ, ನೀ ಓಗ್ಬಾ. ನಾಳೆ ನಿನ್ ಮಗ್ಗ ಕೇಳಿಸ್ತಾ, ನಾವೂ ಓಗ್ತೀವಿ."

ಕ್ಯಾಂಪಿನಲ್ಲಿ ನರ್ಸು ಯಾವ ಕೈಗೆ ಎಂದು ಕೇಳಿದಾಗ ಚಿಕ್ಕಪ್ಪ ಗಂಭೀರವಾಗಿ ಯೋಚಿಸಿದ. "ಬಲಗೈ ಲಾಳಿ ಹಗ್ಗ ಎಳೆಯೋದು. ಎಡಗೈ ಹಲಗೆ ಬಡಿಯೋದು. ಮೂರ್ನೇ ಕೈ ಕೊಟ್ಟಿಲ್ವಲ್ಲ ತಾಯಿ" ಎಂದ. ಅವಳಿಗೆ ಕನ್ನಡ ಬಾರದು, ಎಡತೋಳಿಗೆ ಚುಚ್ಚಿದಳು. ಪಕ್ಕದಲ್ಲೇ ನಾನೂ ಹಾಕಿಸಿಕೊಂಡೆ. ಲಸಿಕೆಯ ಪುಟ್ಟ ಸೀಸೆಯನ್ನು ಚಿಕ್ಕಪ್ಪ ಬೆಳಕಿಗೆ ಹಿಡಿಸಿ ನೋಡಿದ. "ಇಷ್ಟೇನಾ? ಲೋಕವೇ ಬಾಗಿಲಾಕ್ಕೊಂಡು ಕೂತಿದ್ದಕ್ಕೆ, ಇಷ್ಟು ನೀರಾ?" ಎಂದು ಬೆರಗಾದ.

ಆ ರಾತ್ರಿಯೇ ನನಗೆ ಜ್ವರ ಬಂತು. ಜ್ವರ ಬಂದವರು ಬೇರೆ ಕೋಣೆಯಲ್ಲಿರಬೇಕೆಂಬ ಕಾನೂನು ಮಾಡಿದ್ದವಳು ನಾನೇ, ಹಾಗಾಗಿ ಮಹಡಿಯ ಕೋಣೆಗೆ ನಾನೇ ಗಡೀಪಾರಾದೆ. ಚಿಕ್ಕಮ್ಮ ಮೆಟ್ಟಿಲಿನ ಮೇಲೆ ಗಂಜಿಯ ಲೋಟವಿಟ್ಟು, "ಕೆಳಗೆ ಮಾತ್ರ ಬರ್ಬ್ಯಾಡ ಕಣ್ಣು" ಎಂದು, ತಮಿಳಿನವರು ಮಕ್ಕಳನ್ನು ಮುದ್ದಿಗೆ ಕರೆಯುವಂತೆ ಕರೆದು, ಕೂಗಿ ಹೋಗುತ್ತಿದ್ದಳು. ಬೆಳಗಾಗುತ್ತಲೇ ಕೆಳಗಿನಿಂದ ಮಗ್ಗದ ಸದ್ದು ಬಂತು. ಕಂಬಳಿಯೊಳಗೆ ನಡುಗುತ್ತ ನಾನು ಹೆಮ್ಮೆಯಿಂದ ಉಬ್ಬಿದೆ. ಭಲೇ ಚಿಕ್ಕಪ್ಪ, ಓದಿದ ನಾನು ಮಲಗಿದ್ದೇನೆ, ನೀನು ಮಗ್ಗಕ್ಕೆ ಕೂತಿದ್ದೀಯ! ಮಹಡಿಯ ಕಿಟಕಿಯಿಂದ ನೋಡಿದರೆ ಬೀದಿಯ ಬಾಗಿಲುಗಳು ಒಂದೊಂದಾಗಿ ತೆರೆಯುತ್ತಿದ್ದವು. ಮುಖಕ್ಕೆ ಬಟ್ಟೆ ಕಟ್ಟಿಕೊಂಡು ಜನ ಶಾಲೆಯ ಕಡೆ ನಡೆದರು. ಎಲ್ಲರಿಗಿಂತ ಹಿಂದೆ, ಯಾರೂ ನೋಡುತ್ತಿಲ್ಲವೆಂಬಂತೆ, ರಂಗಪ್ಪ ಮಾಮನೂ ಹೋದ. ನನ್ನ ಭಾಷಣಕ್ಕೆ ಆಗದ್ದು ಮಗ್ಗಕ್ಕೆ ಆಯಿತು.

ನನ್ನ ಜ್ವರ ಬಿಟ್ಟ ಬೆಳಿಗ್ಗೆ ಮೆಟ್ಟಿಲಿಳಿದು ಬಂದೆ. ಮಗ್ಗ ನಡೆಯುತ್ತಿತ್ತು. ಮಗ್ಗದಲ್ಲಿ ಕುಳಿತಿದ್ದವಳು ಚಿಕ್ಕಮ್ಮ.

ಅವಳು ಕೈ ನಿಲ್ಲಿಸದೆ ಒಳಕೋಣೆಯತ್ತ ಕಣ್ಣು ತೋರಿಸಿದಳು. ಚಿಕ್ಕಪ್ಪ ಗೋಡೆಗೆ ದಿಂಬು ಒರಗಿಸಿಕೊಂಡು ಕುಳಿತಿದ್ದ, ಮಲಗಲು ಆಗುತ್ತಿರಲಿಲ್ಲ. ಪ್ರತಿ ಉಸಿರಿಗೂ ಹೆಗಲು ಮೇಲೆ ಏಳುತ್ತಿತ್ತು, ಬಾವಿಯಿಂದ ಭಾರದ ಕೊಡ ಸೇದುವವರ ಹಾಗೆ. ನನಗೆ ಬಂದಂತೆಯೇ ಅವನಿಗೂ ಅಂದೇ ಜ್ವರ ಬಂದಿತ್ತು. ಊಸಿಯ ಜ್ವರ, ಇಳಿಯುತ್ತದೆ ಎಂದುಕೊಂಡಿದ್ದರು. ಇಳಿಯಲಿಲ್ಲ.

"ಯಾಕೆ ಹೇಳ್ಲಿಲ್ಲ ಚಿಕ್ಕಮ್ಮ?"

"ಮಗ್ಗ ನಿಂತ್ರೆ ಬೀದಿಯೋರು ಒಬ್ರೂ ಓಗ್ತಿರ್ಲಿಲ್ಲ. ನಿನ್ ಮಾತು ಕೆಳಗೆ ಬೀಳ್ತಿತ್ತು. ಬಡೀತಾ ಇರು, ನಾ ಎದ್ದು ಕೂರ್ತೀನಿ ಅಂತ ಇವ್ರೇ ಅಂದ್ರು."

ಆಗ ಎಲ್ಲ ಮನೆಯಲ್ಲೂ ಇರುತ್ತಿದ್ದ, ಬೆರಳಿಗೆ ಸಿಕ್ಕಿಸಿ ಆಮ್ಲಜನಕ ನೋಡುವ ಯಂತ್ರವನ್ನು ತಂದು ಚಿಕ್ಕಪ್ಪನ ಬೆರಳಿಗೆ ಹಾಕಿದೆ. ಎಂಬತ್ತರ ಸುಮಾರಿನಲ್ಲಿ ಅಂಕಿ ತಡವರಿಸುತ್ತಿತ್ತು. ನನ್ನ ಮುಖ ನೋಡಿ ಅವನು, ಮಾತಿಗೊಂದು ಉಸಿರು ತೆಗೆದುಕೊಳ್ಳುತ್ತ ಕೇಳಿದ: "ಎಂಬತ್ತು... ಬಂದ್ರೂ... ಫೇಲಾ? ಏನ್ ಸ್ಕೂಲ್... ಲೇ ಇದು?"

ಆಂಬುಲೆನ್ಸುಗಳು ಸಿಗದ ದಿನಗಳು ಅವು. ಹತ್ತಾರು ಫೋನು ಮಾಡಿದ ಮೇಲೆ ಒಬ್ಬ ವ್ಯಾನಿನವನು ಒಪ್ಪಿದ, ಬಂದ, ಬೀದಿಯ ಬಾಯಲ್ಲೇ ನಿಂತ. ಒಳಗೆ ಬರಲು ದಾರಿಯಿರಲಿಲ್ಲ. ಅಂದು ರಂಗಪ್ಪ ಮಾಮನ ಪಾವು. ಬೀದಿಯ ಈ ತುದಿಯಿಂದ ಆ ತುದಿಯವರೆಗೆ ಹಾಸು ಬಿಗಿದು ನಿಂತಿತ್ತು, ಗಂಜಿ ಆಗಷ್ಟೇ ಬಿದ್ದು ತೊಟ್ಟಿಕ್ಕುತ್ತಿತ್ತು. ಚಿಕ್ಕಪ್ಪನಿಗೆ ನಡೆಯಲಾಗದು. ಹೊತ್ತು ತರೋಣವೆಂದರೆ ರೋಗಿಯನ್ನು ಮುಟ್ಟುವವರು ಯಾರು? ಯಾರೂ ಯಾರನ್ನೂ ಮುಟ್ಟಬಾರದೆಂದು ಕೋಲು ಹಿಡಿದು ಹೇಳಿಕೊಟ್ಟವಳು ನಾನು. ನಾನು ಬೀದಿಗೆ ಓಡಿ ನಿಂತು, ಚಿಕ್ಕಪ್ಪನಿಗೆ ಉಸಿರು ಸಿಗುತ್ತಿಲ್ಲ ಎಂದೆ.

ಕುಂಚಗಳು ನಿಂತವು. ರಂಗಪ್ಪ ಮಾಮ ನನ್ನನ್ನು ದಾಟಿ, ಬಾಗಿಲಿಗೆ ಬಂದು ನಿಂತಿದ್ದ ಚಿಕ್ಕಮ್ಮನನ್ನು ನೋಡಿದ.

"ಏನಮ್ಮಾ, ಈಗತಾನೆ ಮಗ್ಗ ಕೇಳಿಸ್ತಿತ್ತಲ್ಲ? ನೆನ್ನೆ, ಮೊನ್ನೆ ಎಲ್ಲಾ ಕೇಳಿಸ್ತಲ್ಲ?"

ಸುಳ್ಳು ಹೇಳಬಹುದಿತ್ತು. ಚಿಕ್ಕಮ್ಮ ಸೆರಗನ್ನು ಮುಖದ ಮೇಲೆ ಬಿಗಿಯಾಗಿ ಎಳೆದುಕೊಂಡು ಗಟ್ಟಿಯಾಗಿ ಹೇಳಿದಳು: "ಅದು ಅವ್ರಲ್ಲಣ್ಣ. ನಾನು ಬಡೀತಿದ್ದೆ. ಊಸಿ ಆಕಿಸ್ಕೊಂಡ ದಿನದಿಂದ್ಲೂ ಅವ್ರು ಬಿದ್ದವ್ರೆ."

ಆ ಗಳಿಗೆಯನ್ನು ನಾನು ಎಷ್ಟು ಸಲ ಮನಸ್ಸಿನಲ್ಲಿ ಓಡಿಸಿ ನೋಡಿದ್ದೇನೋ ಲೆಕ್ಕವಿಲ್ಲ. ಈಗಲೂ ಪಾಠದ ನಡುವೆ ಸುಮ್ಮನೆ ಬಂದು ನಿಲ್ಲುತ್ತದೆ. ಬೀದಿಯಲ್ಲಿದ್ದವರೆಲ್ಲ ಆ ಮಗ್ಗವನ್ನು ನಂಬಿ ಚುಚ್ಚಿಸಿಕೊಂಡವರು. ಯಾವ ಔಷಧದ ಮೇಲೆ ಈಗ ಅನುಮಾನ ಎದ್ದಿತೋ ಅದು ಅವರ ತೋಳುಗಳಲ್ಲೂ ಇತ್ತು. ಕೆಲವರು ತಿಳಿಯದೆಯೇ ತಮ್ಮ ತೋಳನ್ನು ಮುಟ್ಟಿಕೊಂಡರು. ಅವರು ಬೈಯಬಹುದಿತ್ತು. ಬೆನ್ನು ತಿರುಗಿಸಿ ಮನೆಯೊಳಗೆ ಹೋಗಬಹುದಿತ್ತು. ಒಳಗೆ ಚಿಕ್ಕಪ್ಪ ಒಂದೊಂದೇ ಉಸಿರನ್ನು ಸೇದುತ್ತಿದ್ದ.

ರಂಗಪ್ಪ ಮಾಮ ಕುಂಚವನ್ನು ಕೆಳಗೆ ಹಾಕಿದ. "ಅದನ್ನ ಆಮ್ಯಾಕೆ ಕೇಳ್ತೀನಿ. ಮೊದ್ಲು ಜೀವ. ಎತ್ರೋ ಪಾವ್ನ! ತಲೆ ಮ್ಯಾಲಕ್ಕೆತ್ರೋ!"

ನಾನು ನೋಡಿದ್ದನ್ನು ಹಾಗೆಯೇ ಹೇಳಬಲ್ಲೆನೋ ಇಲ್ಲವೋ. ತುದಿಗಳಲ್ಲಿದ್ದ ಗಂಡಸರು ಹಗ್ಗ ಬಿಚ್ಚಿ, ಜಗುಲಿಗಳ ಮೇಲೆ ಹತ್ತಿ, ಹಾಸು ಜೋಲದಂತೆ ಹಿಂದಕ್ಕೆ ವಾಲಿ ಹಿಡಿದರು. ಮಿಕ್ಕವರು ಅದರ ಅಡಿಗೆ ಆಸರೆಯಾಗಿ ನಿಲ್ಲಿಸಿದ್ದ ಬಿದಿರುಗಾಲುಗಳನ್ನು ಒದ್ದು ಬದಿಗೆ ಸರಿಸಿ, ತಾವೂ ಜಗುಲಿ ಹತ್ತಿ ಗೋಡೆಗಳಿಗೆ ಬೆನ್ನು ಹಚ್ಚಿ, ಎರಡೂ ಬದಿಯಲ್ಲಿ ಕೈಯೆತ್ತಿ ನಿಂತರು. ಹೆಂಗಸರು, ಗಂಡಸರು, ಮುದುಕರು. ಅಗಲವಾದ ಬಿಳಿಯ ಹಾಸು ಬೀದಿಯಷ್ಟುದ್ದಕ್ಕೂ ಮೇಲೇರಿತು. ಒಂದು ಜಾಗ ಖಾಲಿಯಿತ್ತು, ಅಲ್ಲಿ ನಾನು ನಿಂತು ಕೈ ಎತ್ತಿದೆ. ಊಸಿ ಚುಚ್ಚಿದ ತೋಳು ಬೆಂಕಿಯಂತೆ ಉರಿಯಿತು. ಆಗ ಹೊಳೆಯಿತು: ಎಲ್ಲರದೂ ಹೀಗೆಯೇ ಉರಿಯುತ್ತಿದೆ. ಎದುರಿಗೆ ರಂಗಪ್ಪ ಮಾಮ ಹಲ್ಲು ಕಚ್ಚಿಕೊಂಡು ಎಡಗೈಯನ್ನು ಬಲಗೈಗಿಂತ ಎತ್ತರಕ್ಕೆ ಚಾಚಿದ್ದ.

ವ್ಯಾನು ಹಿಂದೆ ಹಿಂದೆ ಸರಿಯುತ್ತ ಹಾಸಿನ ಅಡಿಯಲ್ಲಿ ಒಳಗೆ ಬಂತು. ಚಿಕ್ಕಮ್ಮ ಒಬ್ಬಳೇ, ಅಷ್ಟು ದಿನ ಜೊತೆಗಿದ್ದವಳು ಅವಳೇ ಆದ್ದರಿಂದ, ಚಿಕ್ಕಪ್ಪನನ್ನು ತಬ್ಬಿ ಹಿಡಿದು ಅದರೊಳಗೆ ಕೂರಿಸಿದಳು. ಅಷ್ಟು ಹೊತ್ತೂ ಒಂದು ಕೈ ಇಳಿಯಲಿಲ್ಲ. ಯಾರೋ ಗೊಣಗಿದರು, "ಎಳೆ ಅಂಟ್ತಾ ಐತೆ ಮಾಮ." "ಅಂಟ್ಲಿ ಬಿಡ್ಲಾ!" ಎಂದ ರಂಗಪ್ಪ ಮಾಮ. ಬಿಸಿಲು ಎಳೆಗಳ ನಡುವಿನಿಂದ ಸೋಸಿ ಬಂದು ಎಲ್ಲರ ಮುಖದ ಮೇಲೂ ಸಣ್ಣ ಗೆರೆಗಳನ್ನು ಎಳೆದಿತ್ತು. ಗಂಜಿಯ ಹನಿಗಳು ವ್ಯಾನಿನ ತಗಡಿನ ಮೇಲೆ ಟಪಟಪನೆ ಬೀಳುತ್ತಿದ್ದವು. ನಾನು ಕಲ್ಲಿನಲ್ಲಿ ಕಟ್ಟಿದ ದೊಡ್ಡ ಗೋಪುರಗಳನ್ನು ನೋಡಿದ್ದೇನೆ, ಹೊಗೆನಕಲ್ಲಿನಲ್ಲಿ ಕಾವೇರಿ ಧುಮುಕುವುದನ್ನು ನೋಡಿದ್ದೇನೆ. ಬಾಯಿ ತೆರೆದು ನಿಂತದ್ದು ಮಾತ್ರ ಆ ಬಿಳಿಯ ನೂಲಿನ ಅಡಿಯಲ್ಲಿ.

ಆಸ್ಪತ್ರೆಯ ಡಾಕ್ಟರು ಹೇಳಿದ್ದನ್ನು ಚಿಕ್ಕಮ್ಮ ಫೋನಿನಲ್ಲಿ ನನಗೆ ಹೇಳಿದಳು, ನಾನು ಬೀದಿಗೆ ಹೇಳಿದೆ. ರೋಗ ಊಸಿಗಿಂತ ಮೊದಲೇ ಮೈಯೊಳಗೆ ಬಂದು ಕೂತಿತ್ತು. ಊಸಿಗೆ ತನ್ನ ಕೆಲಸ ಮಾಡಲು ಸಮಯ ಸಿಕ್ಕಿರಲಿಲ್ಲ. ಇನ್ನೊಂದು ರಾತ್ರಿ ಮನೆಯಲ್ಲೇ ಕಳೆದಿದ್ದರೆ ಚಿಕ್ಕಪ್ಪ ಉಳಿಯುತ್ತಿರಲಿಲ್ಲ. ಈ ಸಲ ಯಾರೂ ಮಗ್ಗದ ಸಾಕ್ಷಿ ಕೇಳಲಿಲ್ಲ. ಎರಡನೆಯ ಊಸಿಗೆ ಎಲ್ಲರೂ ತಾವಾಗಿಯೇ ಹೋದರು. ಆಮೇಲೆ ಕೇಳುತ್ತೇನೆ ಎಂದಿದ್ದ ರಂಗಪ್ಪ ಮಾಮ ಚಿಕ್ಕಮ್ಮನನ್ನು ಇವತ್ತಿನವರೆಗೂ ಏನೂ ಕೇಳಿಲ್ಲ. ಅವನ ಹಾಸಿನಲ್ಲಿ ಅರ್ಧಕ್ಕರ್ಧ ಎಳೆಗಳು ಅಂಟಿ ಹೋಗಿದ್ದವು. ಬಿಡಿಸಲು ಬೀದಿಯವರು ಸರದಿಯ ಮೇಲೆ ಕೂತರು, ಬಂದದ್ದು ಬಂತು, ಹೋದದ್ದು ಹೋಯಿತು.

ಚಿಕ್ಕಪ್ಪ ಅರ್ಧ ಮೈಯಾಗಿ ಮನೆಗೆ ಬಂದ. ಅಂದು ವ್ಯಾನಿನಲ್ಲಿ ಹೋಗುವಾಗ ಏನನ್ನಿಸಿತು ಎಂದು ಒಮ್ಮೆ ಕೇಳಿದೆ.

"ಸತ್ತೋದೆ ಅನ್ಕೊಂಡೆ ಕಣ್ಣು. ಕಿಟಕಿಯಾಗೆ ನೋಡಿದ್ರೆ ಮ್ಯಾಲೆಲ್ಲಾ ಬೆಳ್ಳಗೆ. ಆಮ್ಯಾಕೆ ಒಂದು ಎಳೆ ಕಿತ್ತೋಗಿ ನೇತಾಡೋದು ಕಾಣ್ತು. ಸ್ವರ್ಗದಾಗೂ ಎಳೆ ಕೀಳ್ತದಾ? ಇದು ರಂಗನ ಪಾವೇ ಸೈ, ನಾನಿನ್ನೂ ನಮ್ ಬೀದಿಯಾಗೇ ಇದೀನಿ ಅಂತ ಧೈರ್ಯ ಬಂತು."

ಇವತ್ತು ಕ್ಲಿನಿಕ್ಕಿನಿಂದ ಬಂದಾಗ ಅವನು ಜಗುಲಿಯಲ್ಲಿ ಕುಳಿತು ಕಾಫಿ ಆರಿಸುತ್ತಿದ್ದ. ತುಟಿ ಚೂಪು ಮಾಡಿ ಊದಿದ. ಲೋಟದ ಮೇಲಿನ ಹಬೆ ಅಷ್ಟು ದೂರ ಓಡಿ ಹೋಯಿತು. ಉಸಿರು ಒಳಗೆ ಎಳೆದುಕೊಂಡ; ಹೆಗಲು ಏಳಲಿಲ್ಲ. ಮತ್ತೆ ಊದಿದ. ಹೊಸ್ತಿಲ ಬಳಿ ಚಪ್ಪಲಿ ಬಿಡುವುದನ್ನೂ ಮರೆತು ನಾನು ನೋಡುತ್ತ ನಿಂತೆ.

"ಏನ್ಲೇ ಹಂಗೆ ನೋಡ್ತೀಯ? ನಾನೇನು ಸಿನಿಮಾನಾ?"

"ಕಾಫಿ ಇನ್ನೂ ಬಿಸಿ ಐತೆ ಚಿಕ್ಕಪ್ಪ," ಎಂದೆ. "ಇನ್ನೊಂದ್ಸಲ ಊದು."