ದೊಡ್ಡಮ್ಮನ ತಲೆ ಯಾವ ದಿಕ್ಕಿಗೆ?

ಸಮಾಧಿ ಕಟ್ಟಲು ಬಂದ ಮೇಸ್ತ್ರಿ ದಾರ ಎಳೆದ, ಒಮ್ಮೆ ಸೂರ್ಯನ ಕಡೆ ನೋಡಿದ, ಕೆಲಸ ನಿಲ್ಲಿಸಿಬಿಟ್ಟ. ನಮ್ಮ ದೊಡ್ಡಮ್ಮನ ತಲೆ ದಕ್ಷಿಣಕ್ಕಿಲ್ಲ, ನೈಋತ್ಯಕ್ಕಿದೆ ಎಂದನಂತೆ.

ಹೋದ ವಾರ ಫೋನಿನಲ್ಲಿ ಬಂದ ಸುದ್ದಿ ಇದು. ಫೋನ್ ಮಾಡಿದವನು ದೊಡ್ಡಮ್ಮನ ಮಗ ಮುನಿರಾಜ. ಬೈರಕೂರಿನ ಹತ್ತಿರ ಮಾವಿನ ತೋಟ ನೋಡಿಕೊಂಡಿದ್ದಾನೆ. "ಅಣ್ಣಾ, ಬಂದ್ಬಿಡಣ್ಣಾ. ಅಮ್ಮನ್ನ ತೆಗ್ದು ಸರಿಯಾಗಿ ಮಲಗಿಸ್ಬೇಕು. ವರ್ಷದ ತಿಥಿ ಹತ್ರ ಬಂತು."

ತೆಗೆಯುವುದು ಎಂದರೆ? ಹೂತು ವರ್ಷವಾಗುತ್ತಾ ಬಂದಿದೆ. (ತಿಂಡಿ ತಿನ್ನುತ್ತಾ ಓದುತ್ತಿದ್ದರೆ ಕ್ಷಮಿಸಿ.)

ದಿಕ್ಕು ತಪ್ಪಿದರೆ ಏನು ಮಹಾ ಎನ್ನಬೇಡಿ. ದೊಡ್ಡಮ್ಮನಿಗೆ ಇದ್ದ ಒಂದೇ ಹಟ ಅದು. ರಜಕ್ಕೆ ಹೋದ ನಾವು ಹಜಾರದಲ್ಲಿ ಹೇಗೆಂದರೆ ಹಾಗೆ ಬಿದ್ದುಕೊಳ್ಳುತ್ತಿದ್ದೆವು. ಬೆಳಿಗ್ಗೆ ಎದ್ದರೆ ಎಲ್ಲರ ತಲೆಯೂ ದಕ್ಷಿಣಕ್ಕೆ. ಎಚ್ಚರವಾಗದ ಹಾಗೆ ಒಬ್ಬೊಬ್ಬರನ್ನೂ ಕಾಲು ಹಿಡಿದು ತಿರುಗಿಸಿರುತ್ತಿದ್ದಳು. (ಇದು ನಾನು ಕಂಡದ್ದೋ, ಅವರಿವರು ಹೇಳಿ ಹೇಳಿ ಕಂಡಂತಾದದ್ದೋ ಖಾತ್ರಿಯಿಲ್ಲ. ನಿದ್ದೆಯಲ್ಲಿದ್ದವನು ಕಂಡದ್ದಾದರೂ ಹೇಗೆ?)

ಅಂಥವಳೇ ಈಗ ಸೊಟ್ಟ ಮಲಗಿದ್ದಾಳೆ.

ಹೂತ ದಿನ ಮೋಡ ಕವಿದಿತ್ತು. ಮನೆತನದ ಹಳೆಯ ಸಮಾಧಿಗಳೆಲ್ಲ ರಸ್ತೆ ಅಗಲವಾದಾಗ ಹೋಗಿದ್ದವು, ಹಾಗಾಗಿ ನೋಡಿ ಸರಿಮಾಡಿಕೊಳ್ಳಲು ಪಕ್ಕದಲ್ಲಿ ಇನ್ನೊಂದಿರಲಿಲ್ಲ. ದೊಡ್ಡಮ್ಮ ಕೇಳಿಕೊಂಡಿದ್ದ ಜಾಗ ತೋಟದ ಮೂಲೆಯ ಕರಿಬಂಡೆಯ ಮಗ್ಗುಲು. ಇಳಿಜಾರು ಬೇರೆ. ದಕ್ಷಿಣ ಈ ಕಡೆ, ಅಲ್ಲ ಆ ಕಡೆ ಎಂದು ಹಿರಿಯರು ವಾದಕ್ಕೆ ಬಿದ್ದರು. ಮುನಿರಾಜ ಜೇಬಿನಿಂದ ಫೋನ್ ತೆಗೆದು, ಕಂಪಾಸ್ ಆ್ಯಪ್ ಹಾಕಿ, ಬಂಡೆಯ ಮೇಲೆ ಇಟ್ಟ. ವಾದ ಮುಗಿಯಿತು. ಫೋನಿಗೆ ಎದುರು ಮಾತಾಡುವವರು ಯಾರು?

(ಮೋಡ ಎಂದೆ. ಮುನಿರಾಜನ ಅಕ್ಕ ರತ್ನಕ್ಕನನ್ನು ಕೇಳಿದರೆ ಅವತ್ತು ಚುರುಚುರು ಬಿಸಿಲು. ನೀವು ಯಾರನ್ನು ಬೇಕಾದರೂ ನಂಬಿ.)

ಕೋಲಾರದಿಂದ ಹೋದೆ. ರತ್ನಕ್ಕನೂ ಬಂದಿದ್ದಳು. ಮಟಮಟ ಮಧ್ಯಾಹ್ನ. ಗುಂಡಿಯ ಮಣ್ಣು ಕುಸಿದು ನೆಲಕ್ಕೆ ಸಮವಾಗಿತ್ತು, ಮೂಲೆಗಲ್ಲುಗಳು ಮಾತ್ರ ಉಳಿದಿದ್ದವು. ಅಲ್ಲಿ ನಿಂತು ನನ್ನ ಫೋನ್ ನೋಡಿದೆ. ಮೇಸ್ತ್ರಿ ಹೇಳಿದ್ದು ಸರಿ. ಬಂಡೆಯ ಮೇಲೆ ಇಟ್ಟೆ. ಮುಳ್ಳು ಒಮ್ಮೆಲೇ ಹೊರಳಿತು. ಒಂದು ಗೇಣು ಸರಿಸಿದೆ. ಮತ್ತೆ ಹೊರಳಿತು. ಫೋನ್ ಹಿಡಿದು ಬಂಡೆಯ ಸುತ್ತ ನಡೆದರೆ ಮುಳ್ಳು ಬಂಡೆಯ ಕಡೆಗೇ ವಾಲುತ್ತಾ ಬಂತು. ಒಳಗಿರುವ ಯಾರೋ ಕತ್ತು ತಿರುಗಿಸಿ ನನ್ನನ್ನೇ ನೋಡುತ್ತಿರುವ ಹಾಗೆ.

ಕಾಲೇಜಿನಲ್ಲಿ ಭೂಗರ್ಭಶಾಸ್ತ್ರ ಪಾಠ ಮಾಡುವ ಗೆಳೆಯನಿಗೆ ಅಲ್ಲಿಂದಲೇ ಫೋನ್ ಮಾಡಿದೆ.

ಇನ್ನೂರು ಕೋಟಿ ವರ್ಷಕ್ಕೂ ಹಿಂದೆ ನಮ್ಮ ನೆಲದ ಬಿರುಕುಗಳಲ್ಲಿ ಕುದಿಯುತ್ತಾ ಮೇಲೆ ಬಂದು ತಣ್ಣಗಾದ ಕಲ್ಲಂತೆ ಅದು. ತಣ್ಣಗಾಗುವಾಗ ಅದರೊಳಗಿನ ಕಬ್ಬಿಣದ ಕಣಗಳು ಅವತ್ತಿನ ಉತ್ತರವನ್ನು ಹಿಡಿದು ನಿಂತುಬಿಡುತ್ತವೆ. ನಮ್ಮ ಕಡೆಯ ಇಂಥ ಕಲ್ಲುಗಳಲ್ಲಿ ಆ ಗುರುತು ಅಡ್ಡಕ್ಕಿಲ್ಲ, ಹೆಚ್ಚುಕಡಿಮೆ ನೆಟ್ಟಗೆ ಮೇಲೆ ಕೆಳಗೆ ಇದೆ. ಮುಳ್ಳು ಹಾಗೆ ನೆಟ್ಟಗೆ ನಿಲ್ಲುವುದು ಧ್ರುವದ ಹತ್ತಿರ ಮಾತ್ರ. ಅಂದರೆ ಆಗ ಈ ನೆಲ ಅಲ್ಲಿತ್ತು.

ಮುಳಬಾಗಿಲು, ಮಾಲೂರು, ಶ್ರೀನಿವಾಸಪುರ, ಎಲ್ಲ. ಹುಲ್ಲಿಲ್ಲ, ಹುಳವಿಲ್ಲ. ಗಾಳಿ ಬೀಸಿದರೆ ಕೇಳಲು ಒಂದು ಕಿವಿಯೂ ಇಲ್ಲ. ಆಮೇಲೆ ಎಲ್ಲೆಲ್ಲೋ ಅಲೆದು, ಆಫ್ರಿಕಾ, ಅಂಟಾರ್ಕ್ಟಿಕಾಗಳ ಜೊತೆ ಅಂಟಿಕೊಂಡಿದ್ದು, ಕಿತ್ತುಕೊಂಡು, ಸಮಭಾಜಕ ವೃತ್ತ ದಾಟಿ, ಎಡಕ್ಕೆ ತಿರುಗಿಕೊಳ್ಳುತ್ತಾ ಇಲ್ಲಿಗೆ ಬಂದಿದೆ. ಬಂದು ನಿಂತಿಲ್ಲ. ವರ್ಷಕ್ಕೆ ಎರಡು ಮೂರು ಬೆರಳಿನಗಲ ಈಗಲೂ ಹೋಗುತ್ತಿದೆ, ದೊಡ್ಡಮ್ಮನನ್ನೂ ಕರೆದುಕೊಂಡು.

ಹಾಗಾದರೆ ಕಲ್ಲು ಏನನ್ನೂ ಮರೆತಿಲ್ಲ ಎಂದೆ. ಕಾಲಂ ಬರೆಯುವವನಿಗೆ ಇದಕ್ಕಿಂತ ಏನು ಬೇಕು?

"ಕಥೆ ಕಟ್ಬೇಡ ಕಣೋ," ಎಂದ ಗೆಳೆಯ. "ಒಂದು ಸಿಡಿಲು ಬಡಿದ್ರೆ ಕಲ್ಲಿನ ನೆನಪೂ ಅಳಿಸಿಹೋಗುತ್ತೆ. ನೀನು ನೋಡ್ತಿರೋದು ಆ ಸಿಡಿಲಿನ ದಿಕ್ಕೇ ಇರ್ಬೋದು."

ಸಿಡಿಲು ಬಡಿದಿತ್ತಾ? ತಾನು ಚಿಕ್ಕವಳಿದ್ದಾಗ ಈ ಬಂಡೆಗೇ ಬಡಿಯಿತು ಎಂದಳು ರತ್ನಕ್ಕ. ಬಂಡೆಗಲ್ಲ, ಪಂಪ್‌ಹೌಸ್ ಪಕ್ಕದ ತೆಂಗಿಗೆ ಎಂದ ಮುನಿರಾಜ. ಇಬ್ಬರೂ ಕಣ್ಣಾರೆ ಕಂಡವರು. ರತ್ನಕ್ಕ ತೆಲುಗಿಗೆ ಇಳಿದಳು (ಸಿಟ್ಟು ಬಂದರೆ ಅವಳದು ತೆಲುಗೇ). ನಾನು ಬಂಡೆಯ ಕಡೆ ನೋಡಿದೆ. ಅದು ಸಾಕ್ಷಿ ಹೇಳುವ ಸ್ಥಿತಿಯಲ್ಲಿರಲಿಲ್ಲ.

ಗೆಳೆಯ ಹೇಳಿದ್ದನ್ನೆಲ್ಲ ಅವರಿಗೆ ಹೇಳಿದೆ. ಮುನಿರಾಜ ಕುಕ್ಕುರುಗಾಲಲ್ಲಿ ಕೂತು, ಅಂಗೈಯನ್ನು ಮಣ್ಣಿನ ಮೇಲೆ ನೈಋತ್ಯಕ್ಕೆ ಚಾಚಿ, ನಿಧಾನಕ್ಕೆ ಎಡಕ್ಕೆ ತಿರುಗಿಸಿದ. ಬೆರಳು ದಕ್ಷಿಣಕ್ಕೆ ಬಂದು ನಿಂತವು.

"ನೆಲ ಎಡಕ್ಕೇ ತಿರುಗ್ತೈತೆ ಅಂದ್ರಾ ಅವ್ರು?"

ಇಲ್ಲಿಯವರೆಗೆ ಹಾಗೇ ಬಂದಿದೆಯಂತೆ ಎಂದೆ.

"ಹಂಗಾದ್ರೆ ಅಮ್ಮ ಒಂದಿನ ಸರಿಹೋಗ್ತಾಳೆ."

"ಏನ್ಲಾ, ಅಲ್ಲೀವರ್ಗೂ ತಿಥಿ ಮುಂದಕ್ಕೆ ಹಾಕ್ತೀಯಾ?" ಎಂದಳು ರತ್ನಕ್ಕ. ಆಮೇಲೆ ದನಿ ತಗ್ಗಿಸಿ, "ಗುದ್ದಲಿ ಒಳಗಿಡು. ಅವ್ಳನ್ನ ನಾವ್ಯಾರೂ ತಿರುಗಿಸೋದು ಬೇಡ."

ಮೇಸ್ತ್ರಿ ಸಮಾಧಿಯನ್ನು ಸೊಟ್ಟಗೇ ಕಟ್ಟಿದ. ತಲೆಯ ಕಡೆಯ ದೀಪದ ಗೂಡು ನೈಋತ್ಯಕ್ಕಿದೆ. ಅದು ದಕ್ಷಿಣಕ್ಕೆ ಬರುವ ಹೊತ್ತಿಗೆ ದೀಪ ಹಚ್ಚುವವರಿರುವುದಿಲ್ಲ, ಗೂಡೂ ಇರುವುದಿಲ್ಲ. ದಕ್ಷಿಣ ಎನ್ನುವ ಮಾತೇ ಇರುವುದಿಲ್ಲ.

ಮನೆಗೆ ಬಂದಾಗಿನಿಂದ ನನಗೆ ಹಜಾರದ ಆ ಬೆಳಗುಗಳೇ ಕಣ್ಣ ಮುಂದೆ. ದೊಡ್ಡಮ್ಮನೇನೋ ಮಣ್ಣಿನಲ್ಲಿದ್ದಾಳೆ. ಹಾಗಾದರೆ ಇಡೀ ಜಿಲ್ಲೆಗೆ ಎಚ್ಚರವಾಗದ ಹಾಗೆ ನಮ್ಮ ಕಾಲು ಹಿಡಿದು ತಿರುಗಿಸುತ್ತಿರುವುದು ಯಾರು?